ಮೆಡಿಕೇರ್ ಕಾರ್ಡು: ದುಡ್ಡು ಕೊಡುವುದಕ್ಕಿಂತ ರೇಟು ನಿಗದಿ ಮಾಡುವುದೇ ಇದರ ದೊಡ್ಡ ಕೆಲಸ

ಅಮೆರಿಕದಲ್ಲಿ 65ರ ಆಸುಪಾಸಿನ ಕನ್ನಡದವರು ನಾಲ್ಕು ಜನ ಸೇರಿದರೆ ಈಗ ಮಾತು ಮಕ್ಕಳ ಮದುವೆ ಬಿಟ್ಟು ಮೆಡಿಕೇರ್‌ಗೆ ಅಂದರೆ 65 ದಾಟಿದವರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆಗೆ ಬಂದು ನಿಲ್ಲುತ್ತದೆ. ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತಾಗಲೂ ಅದೇ. "ನೀವು ಯಾವುದು ತಗೊಂಡ್ರಿ? ಅಡ್ವಾಂಟೇಜಾ, ಒರಿಜಿನಲ್ಲಾ?" ಒರಿಜಿನಲ್ ಅಂದರೆ ಸರ್ಕಾರವೇ ನೇರವಾಗಿ ನಡೆಸುವುದು, ಅಡ್ವಾಂಟೇಜ್ ಅಂದರೆ ಅದನ್ನೇ ಖಾಸಗಿ ಕಂಪನಿ ನಡೆಸುವುದು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ. ನಾನು, ನಮ್ಮ ಯಜಮಾನರು ಇಬ್ಬರೂ ಇದನ್ನು ಬಳಸುತ್ತಿದ್ದೇವೆ. ಇರುವುದು ನ್ಯೂಜೆರ್ಸಿ, ಊರು ತಿಪಟೂರು. ಕೆಲಸ ಮಾಡಿದ್ದು ಒಂದು ಸ್ಕೂಲ್ ಡಿಸ್ಟ್ರಿಕ್ಟಿನ ಪೇರೋಲ್ ಸೆಕ್ಷನ್‌ನಲ್ಲಿ. ಯಾವ ಕಾಗದ ಬಂದರೂ ಮೊದಲು ಕಾಲಂ ಕೂಡಿಸಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಈ ರಿವ್ಯೂ ಕೂಡ ಹಾಗೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಕಾರ್ಡು ನೋಡಿದರೆ ಯಾರಿಗಾದರೂ ಬೇಜಾರಾಗುತ್ತದೆ. ಇಷ್ಟು ದೊಡ್ಡ ಸ್ಕೀಮು, ಕೈಗೆ ಬರುವುದು ಮಾತ್ರ ಒಂದು ಕಾಗದದ ಚೂರು. ಕೆಂಪು-ನೀಲಿ ಪಟ್ಟಿ, ಹೆಸರು, 11 ಅಕ್ಷರ-ಅಂಕಿಗಳ ನಂಬರು, ಪಾರ್ಟ್ ಎ ಮತ್ತು ಪಾರ್ಟ್ ಬಿ ಶುರುವಾದ ತಾರೀಕು, ಅಷ್ಟೇ. ನಾನು ಹಳೇ ಬಸ್ ಪಾಸಿನ ಕವರ್‌ನಲ್ಲಿ ಹಾಕಿಟ್ಟಿದ್ದೇನೆ. 2018ಕ್ಕೆ ಮುಂಚೆ ಇದರ ಮೇಲೆ ಸೋಶಿಯಲ್ ಸೆಕ್ಯುರಿಟಿ ನಂಬರನ್ನೇ ಅಚ್ಚು ಹಾಕಿರುತ್ತಿದ್ದರು. ಪುಣ್ಯಕ್ಕೆ ಅದನ್ನು ನಿಲ್ಲಿಸಿದರು. ಮೊಟ್ಟಮೊದಲ ಕಾರ್ಡು ಸಿಕ್ಕಿದ್ದು ಮಾಜಿ ಅಧ್ಯಕ್ಷ ಟ್ರೂಮನ್‌ಗೆ. 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಅವರು ಟ್ರೂಮನ್ ಊರಾದ ಮಿಸೌರಿಯ ಇಂಡಿಪೆಂಡೆನ್ಸ್‌ಗೇ ಹೋಗಿ ಕಾಯ್ದೆಗೆ ಸಹಿ ಹಾಕಿದರು.

ಇನ್ನು ಖರ್ಚು. "ಸರ್ಕಾರದ್ದು, ಫ್ರೀ ಅಲ್ವಾ?" ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಅಲ್ಲ. ಕೆಲಸದಲ್ಲಿದ್ದಷ್ಟು ದಿನ ಸಂಬಳದಲ್ಲಿ ಶೇ. 1.45 ಕಡಿತ ಆಗುತ್ತದೆ, ಮಾಲೀಕರೂ ಅಷ್ಟೇ ಹಾಕುತ್ತಾರೆ. ಸಾವಿರಾರು ಪೇ-ಸ್ಟಬ್‌ಗಳಲ್ಲಿ ಆ ಸಾಲನ್ನು ನಾನೇ ಕೂಡಿಸಿ ತಾಳೆ ನೋಡಿದವಳು. ಹೀಗೆ 40 ಕ್ವಾರ್ಟರ್, ಅಂದರೆ ಒಟ್ಟು ಹತ್ತು ವರ್ಷದ ಕೆಲಸ ಆಗಿದ್ದರೆ ಆಸ್ಪತ್ರೆಗೆ ದಾಖಲಾಗುವ ಖರ್ಚಿನ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಬರುತ್ತದೆ. ಡಾಕ್ಟರು, ಟೆಸ್ಟು, ಹೊರರೋಗಿ ಚಿಕಿತ್ಸೆಯ ಪಾರ್ಟ್ ಬಿ ಗೆ ಮಾತ್ರ ತಿಂಗಳಿಗೆ ದುಡ್ಡು ಕಟ್ಟಬೇಕು. 2025ರಲ್ಲಿ 185 ಡಾಲರ್ ಇತ್ತು, 2026ಕ್ಕೆ 202.90 ಆಗಿದೆ. ಸೋಶಿಯಲ್ ಸೆಕ್ಯುರಿಟಿ ಪೆನ್ಶನ್ ಏರಿದ್ದು ಶೇ. 2.8. ಈ ಪ್ರೀಮಿಯಂ ಏರಿದ್ದು ಹೆಚ್ಚುಕಡಿಮೆ ಶೇ. 10. ಅಜ್ಜ-ಅಜ್ಜಿಯರು ಗೊಣಗುವುದು ಸುಮ್ನೆ ಅಲ್ಲ.

ಸಾಫ್ಟ್‌ವೇರ್‌ನಲ್ಲಿ ದುಡಿದವರು ಇನ್ನೊಂದು ನೋಡಿಕೊಳ್ಳಿ. ಆದಾಯ ಜಾಸ್ತಿ ಇದ್ದರೆ ಪ್ರೀಮಿಯಂ ಕೂಡ ಜಾಸ್ತಿ. 2026ಕ್ಕೆ ಒಬ್ಬರಿಗೆ 1,09,000 ಡಾಲರ್, ದಂಪತಿಗೆ 2,18,000 ದಾಟಿದರೆ ಹೆಚ್ಚುವರಿ ಶುರು. ಅದಕ್ಕೆ ಅವರು ನೋಡುವುದು ಎರಡು ವರ್ಷದ ಹಿಂದಿನ ಟ್ಯಾಕ್ಸ್ ರಿಟರ್ನ್. ರಿಟೈರ್ ಆಗಿ ಸಂಬಳ ನಿಂತಿದ್ದರೆ ಎಸ್‌ಎಸ್‌ಎ-44 ಅನ್ನುವ ಫಾರ್ಮ್ ತುಂಬಿ ಕಡಿಮೆ ಮಾಡಿಸಬಹುದು. ಮನೆ ಮಾರಿ ಲಾಭ ಬಂದ ವರ್ಷ ಅದಾಗಿದ್ದರೆ ಆ ಫಾರ್ಮ್ ಉಪಯೋಗಕ್ಕೆ ಬರುವುದಿಲ್ಲ.

ಈಗ ನನಗೆ ಯಾಕೆ ಇದು ಇಷ್ಟ ಅಂತ ಹೇಳಬೇಕಾದರೆ ಒಂದು ಕಾಗದ ತೋರಿಸಬೇಕು. ಮೆಡಿಕೇರ್ ಸಮ್ಮರಿ ನೋಟೀಸ್ ಅಂತ ಆಗಾಗ ಅಂಚೆಯಲ್ಲಿ ಬರುತ್ತದೆ. "ಇದು ಬಿಲ್ಲಲ್ಲ" ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಹಾಗಾಗಿ ಬಹಳ ಜನ ಓದದೆ ಕಸದ ಬುಟ್ಟಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ನನ್ನ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಬಂದ ನೋಟೀಸು ನನ್ನ ಫೈಲಿನಲ್ಲಿದೆ. ಸರ್ಜನ್ ಹೆಸರಿನ ಮುಂದಿನ ಸಾಲು ಹೀಗಿದೆ. ಅವರು ಹಾಕಿದ ಚಾರ್ಜು 2,400 ಡಾಲರ್. ಪಕ್ಕದ ಕಾಲಂ, ಮೆಡಿಕೇರ್ ಒಪ್ಪಿದ ಮೊತ್ತ, 520. ಅದರಲ್ಲಿ ಶೇ. 80 ಮೆಡಿಕೇರ್ ಪಾಲು. ಕೊನೆಯ ಕಾಲಂ, ನಿಮ್ಮಿಂದ ಹೆಚ್ಚೆಂದರೆ ಕೇಳಬಹುದಾದ ಮೊತ್ತ, 104.

2,400 ಎಲ್ಲಿ, 520 ಎಲ್ಲಿ! ಮಧ್ಯದ 1,880 ಡಾಲರ್ ಏನಾಯಿತು? ಏನೂ ಆಗಲಿಲ್ಲ. ಅದನ್ನು ಯಾರೂ ಕಟ್ಟಲಿಲ್ಲ. ಮೆಡಿಕೇರ್ ರೇಟಿಗೆ ಒಪ್ಪಿದ ಡಾಕ್ಟರು ಉಳಿದದ್ದನ್ನು ನನ್ನ ಹತ್ತಿರ ಕೇಳುವ ಹಾಗಿಲ್ಲ. ಪೂರ್ತಿ ಒಪ್ಪದೆ ಮೆಡಿಕೇರ್ ರೋಗಿಗಳನ್ನು ನೋಡುವ ಡಾಕ್ಟರಿಗೂ ಮಿತಿ ಇದೆ, ಮೆಡಿಕೇರ್ ಅವರಿಗೆ ನಿಗದಿ ಮಾಡಿದ ರೇಟಿನ ಮೇಲೆ ಶೇ. 15ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಇದಕ್ಕೇ ನಾನು ಹೇಳುವುದು, ಜನ ಮೆಡಿಕೇರ್ ಅಂದರೆ ದುಡ್ಡು ಕೊಡುವ ಇನ್ಸೂರೆನ್ಸ್ ಅಂದುಕೊಂಡಿದ್ದಾರೆ. ಅದರ ನಿಜವಾದ ಉಪಕಾರ ರೇಟು ನಿಗದಿ ಮಾಡುವುದರಲ್ಲಿದೆ.

ಅದೇ ಕಣ್ಣಿನ ವಿಷಯದಲ್ಲೇ ಇದರ ಇನ್ನೊಂದು ಮುಖವನ್ನೂ ನೋಡಿದೆ. ಆಪರೇಶನ್‌ಗೆ ಮುಂಚೆ ಆ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಡಾಕ್ಟರಲ್ಲ, ನರ್ಸೂ ಅಲ್ಲ, "ಕೌನ್ಸೆಲರ್". ಕೈಯಲ್ಲಿ ಬಣ್ಣದ ಬ್ರೋಶರ್. "ಆಂಟಿ, ಮೆಡಿಕೇರ್ ಕೊಡೋದು ಬೇಸಿಕ್ ಲೆನ್ಸ್ ಅಷ್ಟೇ. ಮಲ್ಟಿಫೋಕಲ್ ಹಾಕಿಸಿಕೊಂಡ್ರೆ ಕನ್ನಡಕಾನೇ ಬೇಕಾಗಲ್ಲ" ಅಂದಳು. ತೆಲುಗಿನ ಹುಡುಗಿ, ನನ್ನ ಕುಂಕುಮ ನೋಡಿ ಆಂಟಿ ಅಂದಳೋ ಏನೋ, ಕನ್ನಡ ಬೆಂಗಳೂರಿನಲ್ಲಿ ಕಲಿತದ್ದಂತೆ. ಒಂದು ಕಣ್ಣಿಗೆ 3,200 ಡಾಲರ್, ಕೈಯಿಂದ. ನಾನು ಕೇಳಿದೆ, ಈ 3,200 ಯಾರು ನಿಗದಿ ಮಾಡಿದ ರೇಟಮ್ಮ? "ನಮ್ ಸೆಂಟರ್ ರೇಟ್ ಆಂಟಿ." ಪಕ್ಕದ ಊರಿನಲ್ಲಿ ವಿಚಾರಿಸಿದರೆ ಬೇರೆ ರೇಟು.

ನೋಡಿ, ಕಣ್ಣು ಅದೇ, ಡಾಕ್ಟರೂ ಅದೇ, ಅದೇ ಬೆಳಗಿನ ಆಪರೇಶನ್. ಮೆಡಿಕೇರ್ ರೇಟು ನಿಗದಿ ಮಾಡಿದ ಭಾಗಕ್ಕೆ ಸರ್ಜನ್ನಿಗೆ 520. ಮೆಡಿಕೇರ್ ಕೈ ಹಾಕದ ಭಾಗಕ್ಕೆ ಅವರ ಮನಸ್ಸಿಗೆ ಬಂದಷ್ಟು. ನಾನು ಬೇಸಿಕ್ ಲೆನ್ಸೇ ಹಾಕಿಸಿಕೊಂಡೆ. ಪೊರೆ ಆಪರೇಶನ್ ಆದ ಮೇಲೆ ಒಂದು ಜೊತೆ ಕನ್ನಡಕಕ್ಕೆ ಪಾರ್ಟ್ ಬಿ ಕೊಡುತ್ತದೆ, ಸಾಮಾನ್ಯವಾಗಿ ಕನ್ನಡಕಕ್ಕೆ ಕೊಡುವುದಿಲ್ಲ. ಅದನ್ನು ಆ ಹುಡುಗಿ ಹೇಳಲಿಲ್ಲ.

ಈ ರೇಟು ನಿಗದಿ ಮಾಡುವ ಪದ್ಧತಿ ಮೊದಲಿನಿಂದ ಇರಲಿಲ್ಲ. ಶುರುವಿನ ವರ್ಷಗಳಲ್ಲಿ ಆಸ್ಪತ್ರೆಯವರು ಖರ್ಚು ಇಷ್ಟಾಯಿತು ಅಂತ ಲೆಕ್ಕ ಕೊಟ್ಟರೆ ಮೆಡಿಕೇರ್ ಅದನ್ನು ಕೊಡುತ್ತಿತ್ತು. ರೋಗಿ ಜಾಸ್ತಿ ದಿನ ಮಲಗಿದರೆ ಆಸ್ಪತ್ರೆಗೆ ಜಾಸ್ತಿ ದುಡ್ಡು. ಯಾರು ಬೇಗ ಮನೆಗೆ ಕಳಿಸುತ್ತಾರೆ ಹೇಳಿ? 1983ರಲ್ಲಿ ಅದನ್ನು ಬದಲಾಯಿಸಿದರು. ಈ ಕಾಯಿಲೆಗೆ ಇಷ್ಟು ಅಂತ ಮೊದಲೇ ನಿಗದಿ. ನಿಮೋನಿಯಾಗೆ ಒಂದು, ಮಂಡಿ ಬದಲಾಯಿಸಲು ಒಂದು. ಅಷ್ಟರೊಳಗೆ ಮುಗಿಸಿದರೆ ಆಸ್ಪತ್ರೆಗೆ ಲಾಭ, ಮೀರಿದರೆ ನಷ್ಟ. ಮಲಗುವ ದಿನಗಳು ಕಡಿಮೆಯಾದವು. 1992ರಿಂದ ಡಾಕ್ಟರ ಫೀಸಿಗೂ ಇಡೀ ದೇಶಕ್ಕೆ ಒಂದು ಪಟ್ಟಿ ಬಂತು.

ಊರಿನಲ್ಲಿರುವವರಿಗೆ ಇದು ಹೊಸದೇನಲ್ಲ. ನಮ್ಮ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಪ್ಯಾಕೇಜ್ ರೇಟೂ ಇದೇ ಜಾತಿ. ಈ ಆಪರೇಶನ್‌ಗೆ ಇಷ್ಟು ಪ್ಯಾಕೇಜು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಮಾತ್ರ ಸರ್ಕಾರದ್ದು. ಕೇಂದ್ರದವರು 2024ರ ಅಕ್ಟೋಬರಿನಲ್ಲಿ 70 ದಾಟಿದವರಿಗೆ ಆದಾಯ ನೋಡದೆ ಕಾರ್ಡು ಅಂತ ಶುರು ಮಾಡಿದ್ದೂ ಇದೇ ದಾರಿಯಲ್ಲಿ. ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ಅದು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ಬಿಪಿ ಮಾತ್ರೆ, ತಿಂಗಳ ಚೆಕಪ್ಪು, ರಕ್ತ ಪರೀಕ್ಷೆ ಎಲ್ಲ ಕೈಯಿಂದಲೇ. ವಯಸ್ಸಾದವರ ದುಡ್ಡು ಸೋರುವುದು ಅಲ್ಲೇ ಅಲ್ವಾ? ಇಲ್ಲಿ ಆ ಸೋರಿಕೆಗೂ ಪಾರ್ಟ್ ಬಿ, ಔಷಧಿಗೆ ಪಾರ್ಟ್ ಡಿ ಅಂತ ಎರಡು ತೇಪೆ ಹಾಕಿದ್ದಾರೆ.

ಔಷಧಿಯದು ಇತ್ತೀಚಿನ ಸುದ್ದಿ, ಒಳ್ಳೆಯ ಸುದ್ದಿ. 2003ರಲ್ಲಿ ಔಷಧಿಗೂ ಇನ್ಸೂರೆನ್ಸ್ ಅಂತ ಕಾಯ್ದೆ ಮಾಡಿದಾಗ ಮೆಡಿಕೇರ್ ಕಂಪನಿಗಳ ಜೊತೆ ಬೆಲೆ ಚೌಕಾಸಿ ಮಾಡಬಾರದು ಅಂತ ಅದೇ ಕಾಯ್ದೆಯಲ್ಲಿ ಬರೆದುಬಿಟ್ಟಿದ್ದರು. ಕೋಟಿಗಟ್ಟಲೆ ಗಿರಾಕಿಗಳಿರುವ ಅಂಗಡಿಗೆ ರೇಟು ಕೇಳಬೇಡ ಅಂದ ಹಾಗೆ! ಅದು ಬದಲಾಗಿದ್ದು 2022ರ ಕಾಯ್ದೆಯಿಂದ. ಕಂಪನಿಗಳು ಕೋರ್ಟಿಗೆ ಹೋದವು, ಆದರೂ ಮೊದಲ 10 ಔಷಧಿಗಳ ಹೊಸ ಬೆಲೆ 2026ರ ಜನವರಿಯಿಂದ ಜಾರಿಗೆ ಬಂತು. ನಮ್ಮ ಯಜಮಾನರು ತೆಗೆದುಕೊಳ್ಳುವ ಎರಡು ಅದರಲ್ಲಿವೆ. ಎದೆಬಡಿತ ತಾಳ ತಪ್ಪುತ್ತದೆ ಅಂತ ರಕ್ತ ಹೆಪ್ಪುಗಟ್ಟದಂತೆ ಎಲಿಕ್ವಿಸ್, ಸಕ್ಕರೆ ಕಾಯಿಲೆಗೆ ಜನುವಿಯಾ. ಎಲಿಕ್ವಿಸ್‌ಗೆ ಒಂದು ತಿಂಗಳಿಗೆ ಪಟ್ಟಿ ಬೆಲೆ 521 ಡಾಲರ್ ಇದ್ದದ್ದು 231ಕ್ಕೆ ಇಳಿಯಿತು. ಜನುವಿಯಾ 527ರಿಂದ 113ಕ್ಕೆ. ಫಾರ್ಮಸಿ ಕೌಂಟರಿನಲ್ಲಿ ರಸೀದಿ ನೋಡಿ ಇವರು "ತಪ್ಪಾಗಿ ಬೇರೆಯವರ ಬಿಲ್ ಕೊಟ್ಟಿದ್ದಾರೆ, ವಾಪಸ್ ಕೊಡೋಣ" ಅಂತ ತಿರುಗಿದರು. ಅಷ್ಟು ಪ್ರಾಮಾಣಿಕತೆ ಬೇಡ, ಬನ್ನಿ ಅಂತ ಕರಕೊಂಡು ಬಂದೆ.

ಇದರ ಮೇಲೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ದಾಟುವ ಹಾಗಿಲ್ಲ. ಪಾರ್ಟ್ ಡಿ ಔಷಧಿಗೆ ವರ್ಷಕ್ಕೆ ಕೈಯಿಂದ ಹೋಗುವುದು 2026ರಲ್ಲಿ 2,100 ಮುಟ್ಟಿದರೆ ಆಮೇಲೆ ಆ ವರ್ಷ ಪೂರ್ತಿ ಸೊನ್ನೆ. ಸರ್ಪಸುತ್ತಿನ ಲಸಿಕೆಯೂ ಫ್ರೀ. 2027ರ ಜನವರಿಗೆ ಇನ್ನೂ 15 ಔಷಧಿ ಸೇರುತ್ತವೆ, ಎಲ್ಲರ ಬಾಯಲ್ಲೂ ಇರುವ ಒಜೆಂಪಿಕ್ ಕೂಡ. ಆದರೆ ಪಾರ್ಟ್ ಡಿ ನಡೆಸುವುದು ಖಾಸಗಿ ಕಂಪನಿಗಳು, ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಮೆಡಿಕೇರ್ ವೆಬ್‌ಸೈಟಿಗೆ ಹೋಗಿ ನಿಮ್ಮ ಮಾತ್ರೆಗಳ ಹೆಸರು ಹಾಕಿ ಹೋಲಿಸಿ ನೋಡಿ. ದೀಪಾವಳಿ ಕ್ಲೀನಿಂಗ್ ಜೊತೆಗೆ ಇದನ್ನೂ ಮುಗಿಸುತ್ತೇನೆ ನಾನು.

ಒರಿಜಿನಲ್ಲಾ, ಅಡ್ವಾಂಟೇಜಾ ಅಂತ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಒರಿಜಿನಲ್ ಮೆಡಿಕೇರ್ ಶೇ. 80 ಕೊಡುತ್ತದೆ, ಉಳಿದ ಶೇ. 20ಕ್ಕೆ ಮೇಲ್ಮಿತಿಯೇ ಇಲ್ಲ. ದೊಡ್ಡ ಕಾಯಿಲೆ ಬಂದರೆ ಆ 20 ಕೂಡ ಮನೆ ತೊಳೆಯುತ್ತದೆ. ಆಸ್ಪತ್ರೆಗೆ ಸೇರಿದರೆ ಮೊದಲ 1,736 ಡಾಲರ್ ನಮ್ಮದು. ಅದಕ್ಕೇ ನಾವು ಈ ಉಳಿದದ್ದನ್ನು ತುಂಬಿಕೊಡುವ ಮೆಡಿಗ್ಯಾಪ್ ಅನ್ನುವ ಖಾಸಗಿ ಇನ್ಸೂರೆನ್ಸಿನಲ್ಲಿ ಪ್ಲಾನ್ ಜಿ ತೆಗೆದುಕೊಂಡಿದ್ದೇವೆ, ಒಬ್ಬೊಬ್ಬರಿಗೆ ತಿಂಗಳಿಗೆ 180ರ ಆಸುಪಾಸು. ವರ್ಷದ ಪಾರ್ಟ್ ಬಿ ಡಿಡಕ್ಟಿಬಲ್ 283 ಡಾಲರ್ ನಾವು ಕಟ್ಟಿದ ಮೇಲೆ ಮೆಡಿಕೇರ್ ಒಪ್ಪಿದ ಯಾವುದಕ್ಕೂ ಕೈಯಿಂದ ಕಾಸು ಬಿಚ್ಚಿಲ್ಲ. ಮೇಲೆ ಹೇಳಿದ ಆ 104 ಕೂಡ ಅದೇ ಕಟ್ಟಿತು. ಯಾವ ರಾಜ್ಯದ ಯಾವ ಡಾಕ್ಟರಾದರೂ ಸರಿ, ಮೆಡಿಕೇರ್ ತೆಗೆದುಕೊಂಡರೆ ಆಯಿತು. ಮಗನ ಮನೆಗೆ ಟೆಕ್ಸಾಸ್‌ಗೆ ಹೋಗಿದ್ದಾಗ ಇವರಿಗೆ ಉಸಿರು ಕಟ್ಟಿದಂತಾಗಿ ಅಲ್ಲೇ ಹೃದಯದ ಡಾಕ್ಟರಿಗೆ ತೋರಿಸಿದೆವು. ಕಾಗದದ ಕಾರ್ಡು, ಮೆಡಿಗ್ಯಾಪ್ ಕಾರ್ಡು ಎರಡೂ ಕೊಟ್ಟೆವು, ಮತ್ತೊಂದು ಮಾತು ಕೇಳಲಿಲ್ಲ.

ನಮ್ಮ ಭಾವನವರು ಅಡ್ವಾಂಟೇಜ್ ತೆಗೆದುಕೊಂಡರು. ಟಿವಿಯಲ್ಲಿ ಬರುವ ಜಾಹೀರಾತೆಲ್ಲ ಇದರದ್ದೇ. ಪ್ರೀಮಿಯಂ ಸೊನ್ನೆ, ಹಲ್ಲು, ಜಿಮ್ಮು, ಔಷಧಿ ಎಲ್ಲ ಸೇರಿ. ಕೈಯಿಂದ ಹೋಗುವುದಕ್ಕೆ ವರ್ಷಕ್ಕೆ ಮಿತಿಯೂ ಇದೆ, ಸುಳ್ಳು ಹೇಳಬಾರದು. ಗಟ್ಟಿಮುಟ್ಟಾಗಿ ಇರುವಷ್ಟು ದಿನ ಅವರು ನಮ್ಮನ್ನು ನೋಡಿ ನಕ್ಕರು, "ತಿಂಗಳಿಗೆ 180 ಸುಮ್ನೆ ದಂಡ" ಅಂತ. ಸೊಂಟ ಮುರಿದಾಗ ಕಥೆ ಬೇರೆ ಆಯಿತು. ಆಸ್ಪತ್ರೆಯಿಂದ ಫಿಸಿಯೋಥೆರಪಿ ಸೆಂಟರಿಗೆ ಕಳಿಸಬೇಕು ಅಂತ ಡಾಕ್ಟರ್ ಬರೆದರೆ ಕಂಪನಿಯ ಮುಂಗಡ ಒಪ್ಪಿಗೆ ಬೇಕು. ಶುಕ್ರವಾರ "ಅಗತ್ಯವಿಲ್ಲ" ಅಂತ ಫ್ಯಾಕ್ಸ್ ಬಂತು. ನಡೆಯಲು ಆಗದ ಮನುಷ್ಯನಿಗೆ ಮನೆಯಲ್ಲೇ ಥೆರಪಿ ಸಾಕಂತೆ. ಅಕ್ಕ ಅಳುತ್ತಾ ನನಗೆ ಫೋನ್ ಮಾಡಿದರು. ನಾನು, ಅವರ ಮಗಳು ಕೂತು ಮೇಲ್ಮನವಿ ಬರೆದೆವು, ಡಾಕ್ಟರ ಟಿಪ್ಪಣಿ ಲಗತ್ತಿಸಿದೆವು. ಮುಂದಿನ ವಾರ ಒಪ್ಪಿದರು. ಇದು ಅವರೊಬ್ಬರ ಅದೃಷ್ಟ ಅಲ್ಲ. ಅಡ್ವಾಂಟೇಜ್ ಕಂಪನಿಗಳು ತಳ್ಳಿಹಾಕಿದ ಅರ್ಜಿಗಳಲ್ಲಿ ಮೇಲ್ಮನವಿ ಹೋದವುಗಳ ಪೈಕಿ ಶೇ. 80ಕ್ಕೂ ಜಾಸ್ತಿ ಪೂರ್ತಿಯೋ ಭಾಗಶಃವೋ ರೋಗಿಯ ಪರವಾಗಿ ಬದಲಾಗಿವೆ. ಆದರೆ ಮೇಲ್ಮನವಿ ಹಾಕುವವರೇ ಹತ್ತರಲ್ಲಿ ಒಬ್ಬರು. ಇಂಗ್ಲಿಷಿನಲ್ಲಿ ಜಗಳ ಆಡಲು ಹಿಂಜರಿಯುವ ನಮ್ಮ ಅಮ್ಮಂದಿರು ಯಾವ ಗುಂಪಿನಲ್ಲಿ ಇರುತ್ತಾರೆ ಅಂತ ಹೇಳಬೇಕಾಗಿಲ್ಲ.

ಖಾಸಗಿಯವರಿಗೆ ವಹಿಸಿದರೆ ಸರ್ಕಾರಕ್ಕೆ ಖರ್ಚು ಕಡಿಮೆ ಅನ್ನುವುದು ಮೊದಲಿನ ವಾದ. ಈಗ ಅರ್ಧಕ್ಕಿಂತ ಜಾಸ್ತಿ ಜನ ಅಡ್ವಾಂಟೇಜ್‌ನಲ್ಲೇ ಇದ್ದಾರೆ. ಆದರೆ ಅಂಥದ್ದೇ ರೋಗಿ ಒರಿಜಿನಲ್‌ನಲ್ಲಿ ಇದ್ದಿದ್ದರೆ ಆಗುತ್ತಿದ್ದಕ್ಕಿಂತ ಅಡ್ವಾಂಟೇಜ್‌ನಲ್ಲಿ ಸುಮಾರು ಶೇ. 20 ಜಾಸ್ತಿ ಖರ್ಚಾಗುತ್ತಿದೆ ಅಂತ ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ ಆಯೋಗವೇ 2025ರಲ್ಲಿ ಲೆಕ್ಕ ಹಾಕಿದೆ. ಒಂದು ಕಾರಣ, ರೋಗಿಯ ಹೆಸರಿನಲ್ಲಿ ಕಾಯಿಲೆ ಜಾಸ್ತಿ ಬರೆದಷ್ಟೂ ಕಂಪನಿಗೆ ಸರ್ಕಾರದಿಂದ ಜಾಸ್ತಿ ದುಡ್ಡು. ಭಾವನವರ ಮನೆಗೆ ಕಂಪನಿಯ ನರ್ಸ್ ಬಂದು ಫ್ರೀ ಚೆಕಪ್ ಮಾಡಿ, ಗಿಫ್ಟ್ ಕಾರ್ಡನ್ನೂ ಕೊಟ್ಟು, ಅವರಿಗೇ ಗೊತ್ತಿರದ ಕಾಯಿಲೆಗಳ ಪಟ್ಟಿ ಬರೆದುಕೊಂಡು ಹೋಗಿದ್ದಳು. ಅವುಗಳಿಗೆ ಒಂದು ಮಾತ್ರೆಯನ್ನೂ ಯಾರೂ ಬರೆದುಕೊಡಲಿಲ್ಲ.

ಅಡ್ವಾಂಟೇಜ್ ಬೇಡ ಅಂತ ಆಮೇಲೆ ವಾಪಸ್ ಬರುತ್ತೇನೆ ಅಂದರೆ ಒರಿಜಿನಲ್‌ಗೆ ಬರಬಹುದು, ಮೆಡಿಗ್ಯಾಪ್ ಸಿಗುವುದು ಕಷ್ಟ. ಕೆಲವು ವಿಶೇಷ ಸಂದರ್ಭ ಬಿಟ್ಟರೆ, ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು ಮಾತ್ರ ಯಾವ ಕಾಯಿಲೆ ಇದ್ದರೂ ಕೊಡಲೇಬೇಕು. ಆಮೇಲೆ ಆರೋಗ್ಯ ವಿಚಾರಿಸಿ ಇಲ್ಲ ಅನ್ನಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇಯ್ನ್ ಈ ನಾಲ್ಕು ರಾಜ್ಯದವರಿಗೆ ಈ ತಲೆನೋವು ಇಲ್ಲ. ನ್ಯೂಜೆರ್ಸಿಗೆ ಆ ಭಾಗ್ಯ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಒರಿಜಿನಲ್ ಮತ್ತು ಮೆಡಿಗ್ಯಾಪ್ ಸೇರಿದ ಜೋಡಿಗೆ. ಒಂದು ಕಡಿಮೆ ಯಾಕೆಂದರೆ ಸಾಮಾನ್ಯ ಹಲ್ಲಿನ ಚಿಕಿತ್ಸೆ ಇಲ್ಲ, ಶ್ರವಣ ಯಂತ್ರ ಇಲ್ಲ. ವಯಸ್ಸಾದವರಿಗೆ ಮೊದಲು ಕೈಕೊಡುವುದು ಅವೆರಡೇ ಅಲ್ವಾ! ಸ್ನಾನ ಮಾಡಿಸಲು, ಊಟ ಮಾಡಿಸಲು ಮನೆಗೆ ಆಳು ಬೇಕಾದರೆ ಅದೂ ಇಲ್ಲ. ಇನ್ನೊಂದು ಕಿತಾಪತಿ, "ಅಬ್ಸರ್ವೇಶನ್". ಆಸ್ಪತ್ರೆಯ ಮಂಚದ ಮೇಲೆ ಮೂರು ರಾತ್ರಿ ಮಲಗಿದ್ದರೂ ಕಾಗದದಲ್ಲಿ ಹೊರರೋಗಿ ಅಂತಲೇ ಬರೆದಿರಬಹುದು. ದಾಖಲಾದ ರೋಗಿಯಾಗಿ ಮೂರು ದಿನ ಆಗದಿದ್ದರೆ ಒರಿಜಿನಲ್‌ನಲ್ಲಿ ನರ್ಸಿಂಗ್ ಸೆಂಟರಿನ ಖರ್ಚು ಕೊಡುವುದಿಲ್ಲ. ಮನೆಯವರು ಯಾರಾದರೂ ಸೇರಿದರೆ "ಇನ್‌ಪೇಶೆಂಟಾ, ಅಬ್ಸರ್ವೇಶನ್ನಾ?" ಅಂತ ಮೊದಲ ದಿನವೇ ಕೇಳಿ.

ಚಳಿಗಾಲಕ್ಕೆ ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿ ಕೂರುವವರಿಗೆ: ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಪ್ಲಾನ್ ಜಿ ಇದ್ದರೆ ಪ್ರಯಾಣದ ಮೊದಲ 60 ದಿನದೊಳಗೆ ಶುರುವಾದ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ. 80 ಕೊಡುತ್ತದೆ, ಜೀವಮಾನಕ್ಕೆಲ್ಲ ಸೇರಿ 50,000 ಮಿತಿ. ಪೂರ್ತಿ ಊರಿಗೇ ಹೋಗಿಬಿಟ್ಟೆವು, ಪಾರ್ಟ್ ಬಿ ಯಾಕೆ ಅಂತ ಬಿಟ್ಟವರು ಮತ್ತೆ ಬಂದರೆ ಬಿಟ್ಟ ಪ್ರತಿ 12 ತಿಂಗಳಿಗೆ ಶೇ. 10ರಂತೆ ದಂಡ, ಅದೂ ಜೀವನಪೂರ್ತಿ. ಕಾಲು ಇಲ್ಲೊಂದು ಅಲ್ಲೊಂದು ಇಟ್ಟವರು ಬಿಡಬೇಡಿ.

ಅಪ್ಪ-ಅಮ್ಮನನ್ನು ಗ್ರೀನ್ ಕಾರ್ಡಿನಲ್ಲಿ ಕರೆಸಿಕೊಳ್ಳುವ ಮಕ್ಕಳಿಗೂ ಲೆಕ್ಕ ಹೇಳುತ್ತೇನೆ. ಊರಿನಲ್ಲಿ ಮಾಡಿದ ನೌಕರಿ ಇಲ್ಲಿ ಲೆಕ್ಕಕ್ಕಿಲ್ಲ, ಭಾರತ-ಅಮೆರಿಕ ಮಧ್ಯೆ ಆ ಒಪ್ಪಂದವೇ ಇಲ್ಲ. 65 ದಾಟಿ, ಇಲ್ಲಿ 5 ವರ್ಷ ಸತತವಾಗಿ ಇದ್ದ ಮೇಲೆ ದುಡ್ಡು ಕೊಟ್ಟು ಸೇರಬಹುದು. ಸ್ವಂತದ್ದೂ ಇಲ್ಲ, ಗಂಡ ಅಥವಾ ಹೆಂಡತಿಯ ಇಲ್ಲಿನ ದುಡಿಮೆಯೂ ಇಲ್ಲ ಅಂದರೆ 2026ರಲ್ಲಿ ಪಾರ್ಟ್ ಎ 565, ಪಾರ್ಟ್ ಬಿ 202.90, ಒಬ್ಬರಿಗೆ ತಿಂಗಳಿಗೆ 767.90. ಇಬ್ಬರಿಗೆ ವರ್ಷಕ್ಕೆ 18,000 ಡಾಲರ್ ದಾಟುತ್ತದೆ. ಆ ಮೊದಲ 5 ವರ್ಷಕ್ಕೆ ಬೇರೆ ಇನ್ಸೂರೆನ್ಸ್ ಹುಡುಕಬೇಕು, ಟಿಕೆಟ್ ಬುಕ್ ಮಾಡುವುದಕ್ಕೆ ಮುಂಚೆ. ಪ್ರತಿ ರಾಜ್ಯದಲ್ಲೂ ಶಿಪ್ ಅನ್ನುವ ಫ್ರೀ ಸಲಹಾ ಸೇವೆ ಇದೆ, ಸೀನಿಯರ್ ಸೆಂಟರಿನಲ್ಲಿ ಕೇಳಿದರೆ ಸಮಯ ಗೊತ್ತು ಮಾಡಿಕೊಡುತ್ತಾರೆ. ಅವರಿಗೆ ಯಾವ ಕಂಪನಿಯ ಕಮಿಷನ್ನೂ ಇಲ್ಲ. ಹೋಗುವಾಗ ಮಾತ್ರೆಗಳ ಪಟ್ಟಿ, ಹಳೇ ನೋಟೀಸುಗಳು, ಒಂದು ಪೆನ್ನು ಇಟ್ಟುಕೊಂಡು ಹೋಗಿ.